ಹಲಗೆ ಗ್ರೇಡಿಂಗ್‌ಗೆ ಎಐ ಕ್ಯಾಮೆರಾ: ಎಲ್ಲಿವರೆಗೆ ನಂಬಬಹುದು

ಸಾಮಿಲ್ ಗೆಳೆಯರ ಗಮನಕ್ಕೆ. ತೇಗದ ಹಲಗೆಯ ಗಂಟು, ಸೀಳು, ಬಿಳಿ ಅಂಚು ಗುರುತಿಸಿ, ಎಲ್ಲಿ ಕೊಯ್ದರೆ ಮರ ಕಡಿಮೆ ಹಾಳು ಎಂದು ಲೆಕ್ಕ ಹಾಕಲು ಎಐ ಕ್ಯಾಮೆರಾ ಒಳ್ಳೆಯದೇ. ಆದರೆ ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ಅವಸರದಲ್ಲಿ ಒಣಗಿಸಿದಾಗ ಒಳಗೇ ಬಿಡುವ ಬಿರುಕು ಕಾಣದು. ತುದಿಯಿಂದ ಒಂದಡಿ ಬಿಟ್ಟು ಅಡ್ಡ ಕೊಯ್ದು ನೋಡಲೇಬೇಕು. ಪೀಠೋಪಕರಣದ ಮರದಲ್ಲಿ ತೇವ ಶೇ 8–12ಕ್ಕೆ ಇಳಿದಿದೆಯೇ ಎಂಬುದನ್ನೂ ಮೀಟರ್‌ನಲ್ಲೇ ಅಳೆಯಿರಿ, ಮೀಟರನ್ನು ಆ ಮರದ ಜಾತಿಗೆ ಹೊಂದಿಸಿಕೊಂಡು.

ಗರಗಸದ ಹೊಟ್ಟು ಮೆತ್ತಿದ್ದರೆ ಕೂದಲೆಳೆಯಂಥ ಸೀಳು ಮುಚ್ಚಿಹೋಗುತ್ತದೆ. ತೇಗದ ಸಹಜ ಕಪ್ಪು ಗೆರೆಯನ್ನು ಯಂತ್ರ ದೋಷವೆಂದು ಓದುವುದೂ ಉಂಟು. ಗಾಳಿ ಊದಿ ಹೊಟ್ಟು ತೆಗೆದೇ ಹಲಗೆ ಬಿಡಿ, ಪಾಳಿಗೊಮ್ಮೆ ಲೆನ್ಸ್ ಒರೆಸಿ. ತೇಗದ ಚಿತ್ರಗಳಲ್ಲಿ ಕಲಿತ ಮಾಡೆಲನ್ನು ಬೀಟೆಗೆ ಹಾಗೇ ಬಳಸಬೇಡಿ, ಬೀಟೆಯ ಚಿತ್ರ ಕೊಟ್ಟು ಮತ್ತೆ ಕಲಿಸಿ.