ಕೊಯ್ಯುವ ಮುನ್ನ ಎರಡೂ ದಾರಿ ತಿಳಿಸಿ

ಮಾನ್ಯ ಸಂಪಾದಕರೇ,

ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಅಮ್ಮನಿಗೆ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಆಮೇಲೆ ಕೆಮ್ಮು ಬಂದಾಗಲೆಲ್ಲ ಅಮ್ಮ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ವಿಧಾನವೂ ಇದೆ ಎಂದು ನಮಗೆ ಯಾರೂ ಹೇಳಲೇ ಇಲ್ಲ.

ಹಾಗೆ ಮಾಡಿದರೆ ಕ್ಯಾನ್ಸರ್ ಪೂರ್ತಿ ಹೋಗಲ್ಲ ಎಂಬ ಭಯ ಜಾಸ್ತಿ. ಆದರೆ 872 ರೋಗಿಗಳನ್ನು ಹೋಲಿಸಿ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಕೀಹೋಲ್‌ನಲ್ಲಿ ಆಸ್ಪತ್ರೆ ವಾಸ, ನೋವಿನ ಮಾತ್ರೆ ಕಡಿಮೆ.

ಎಲ್ಲರಿಗೂ ಆಗಲ್ಲ, ನಿಜ. ಕರುಳು ಕಟ್ಟಿ ಊದಿದ್ದರೆ, ಗಡ್ಡೆ ಪಕ್ಕದ ಅಂಗಕ್ಕೆ ಅಂಟಿದ್ದರೆ ಹೊಟ್ಟೆ ತೆರೆಯಲೇಬೇಕಾಗಬಹುದು. ಅದನ್ನಾದರೂ ಸಹಿ ಹಾಕಿಸುವ ಮೊದಲು ಬಿಡಿಸಿ ಹೇಳಬೇಕು, ಅಲ್ವಾ?

– ಒಬ್ಬ ಓದುಗ, ಹಾಸನ