ಮಳೆ ಜೋರಾದ ರಾತ್ರಿ ಫೋನ್ ಬೇಡ

ಮೂಡಿಗೆರೆ

ಪ್ರೀತಿಯ ಪುಟ್ಟು,

ಹಾಸ್ಟೆಲ್ ಊಟ ಹೇಗಾದರೂ ಇರಲಿ, ಹಾಸನಕ್ಕೆ ಹೋದಮೇಲೆ ನಿನ್ನ ನಿದ್ದೆಯೇ ಕೆಟ್ಟಿದೆ ಅಂತ ನಿಮ್ಮಮ್ಮ ಹೇಳಿದಳು. ಮಳೆ ಜೋರಾದರೆ ಎದ್ದು ಕೂತು ಬೆಳಗಿನ ತನಕ ಫೋನ್ ನೋಡುತ್ತೀಯಂತೆ. "ಭೂಮಿಯೇ ಹಾಳಾಗುತ್ತಿರುವಾಗ ಪರೀಕ್ಷೆ ಬರೆದು ಏನು ಮಾಡಲಿ" ಅಂದೆಯಂತೆ. ನಿಮ್ಮಪ್ಪ ನಕ್ಕರಂತೆ. ನನಗೇನೂ ನಗು ಬರಲಿಲ್ಲ.

ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಜಾರಿದಾಗ ನೀನು ಹೈಸ್ಕೂಲು ಹುಡುಗ. ತೋಟ, ಗದ್ದೆ ಮಣ್ಣುಪಾಲಾದವರನ್ನು ಕಣ್ಣಾರೆ ಕಂಡವನು. ಆಮೇಲಿಂದ ಹೆಂಚಿನ ಮೇಲೆ ಮಳೆ ಸದ್ದಾದರೆ ಸಾಕು, ನಿನಗೆ ಎದೆ ಡವಡವ. ದೊಡ್ಡವರಿಗೂ ಹಾಗೇ ಆಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. 2021ರಲ್ಲಿ ಭಾರತವೂ ಸೇರಿ 10 ದೇಶಗಳಲ್ಲಿ 16ರಿಂದ 25 ವರ್ಷದ 10,000 ಮಂದಿಯನ್ನು ಇದೇ ವಿಷಯ ಕೇಳಿದ್ದರು. ಹವಾಮಾನದ ಚಿಂತೆಯಿಂದ ದಿನದ ಬದುಕಿಗೇ ತೊಂದರೆ ಆಗುತ್ತಿದೆ ಅಂದವರು ನೂರಕ್ಕೆ 45ಕ್ಕಿಂತ ಜಾಸ್ತಿ. ನಿನ್ನ ಕ್ಲಾಸಿನಲ್ಲೇ ಇಂಥವರು ಇರುತ್ತಾರೆ, ಮಾತಾಡಿಸಿ ನೋಡು.

ಆದರೆ ಫೋನಿನ ಚಿಂತೆ ಬೇರೆ, ತೋಟದ ಚಿಂತೆ ಬೇರೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆ ನೀರು ಎತ್ತಿ ರೊಬಸ್ಟಾ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಡಿಸೆಂಬರ್‌ನಲ್ಲಿ ಕಣದ ತುಂಬ ಕಾಫಿ ಹಣ್ಣು ಒಣಗಲು ಹರಡಿರುವಾಗ ಮೋಡ ಕವಿದರೆ ಅರ್ಧ ಊಟದಲ್ಲೇ ಎದ್ದು ಓಡಿ ಟಾರ್ಪಾಲು ಹೊದಿಸಬೇಕು. ದೊಡ್ಡಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಅಂತ ಬರೆದಿಡುತ್ತಾರಲ್ಲ, ಕಾಲ ತಪ್ಪಿದ ಮಳೆಯೆಲ್ಲ ಆ ಪುಸ್ತಕದಲ್ಲಿದೆ. ನೋಡಿದರೆ ನಮಗೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಆದರೆ ಆ ಚಿಂತೆಯ ಜೊತೆ ಕೈಗೊಂದು ಕೆಲಸ ಇರುತ್ತದೆ. ಟಾರ್ಪಾಲು ಎಳೆದು ಬೆನ್ನು ನೋಯುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನೀನು ಎರಡು ಗಂಟೆ ರಾತ್ರಿಯಲ್ಲಿ ಯಾವುದೋ ದೇಶದ ಪ್ರವಾಹದ ವಿಡಿಯೋ ನೋಡಿ ಏನು ಮಾಡಲು ಸಾಧ್ಯ ಹೇಳು? ಮೈ ಮಾತ್ರ ಅಪಾಯ ಬಾಗಿಲಿಗೆ ಬಂತು ಅಂತ ಎಚ್ಚರವಾಗಿಯೇ ಇರುತ್ತದೆ. ನಿದ್ದೆಗೆಟ್ಟಷ್ಟೂ ಮಾರನೇ ದಿನ ಚಿಂತೆ ಜಾಸ್ತಿ.

ಸುದ್ದಿಯನ್ನೇ ಓದಬೇಡ ಅನ್ನುತ್ತಿಲ್ಲ. ಹಗಲು ಓದು. ಮಳೆಯ ಎಚ್ಚರಿಕೆ ಸಂಜೆ ಒಂದು ಸಲ ನೋಡಿ ಫೋನನ್ನು ಮಂಚದಿಂದ ದೂರ ಚಾರ್ಜಿಗೆ ಹಾಕು. ನಮ್ಮ ಬಗ್ಗೆ ಭಯವಾದರೆ ಎಷ್ಟು ಹೊತ್ತಾದರೂ ನನಗೆ ಮಾಡು. "ಏನೂ ಆಗಲ್ಲ ಮಲಗು" ಅಂತ ಸಾಗಹಾಕುವುದಿಲ್ಲ. ಹಳ್ಳ ಎಲ್ಲಿತನಕ ಬಂದಿದೆ, ಧರೆ ಹೇಗಿದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಇನ್ನು ಫ್ಯಾನ್ ಹಾಕಿದ್ದಕ್ಕೂ ಬೈಕ್ ಹತ್ತಿದ್ದಕ್ಕೂ ಪಾಪ ಮಾಡಿದವನ ಹಾಗೆ ಕೊರಗಬೇಡ. ಗುಡ್ಡ ಕಡಿದು ರೆಸಾರ್ಟ್ ಕಟ್ಟಿದವರೇ ಹೊದ್ದು ಮಲಗಿದ್ದಾರೆ!

ಇಷ್ಟಾದರೂ ನಿದ್ದೆ ಬರದಿದ್ದರೆ, ಓದು ತಲೆಗೆ ಹತ್ತದಿದ್ದರೆ 14416ಕ್ಕೆ ಫೋನ್ ಮಾಡು. ಮನಸ್ಸಿನ ತೊಂದರೆ ಹೇಳಿಕೊಳ್ಳಲು ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರನ್ನು ನೋಡು ಅಂದರೆ ಹೋಗಿ ನೋಡು. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ, ಅದು ನನಗೆ ಬಿಡು.

ಪರೀಕ್ಷೆ ಮುಗಿದ ಕೂಡಲೇ ಬಾ. ಮೇಲಿನ ತೋಟದಲ್ಲಿ ಸಿಲ್ವರ್ ಓಕ್ ತೆಗೆದ ಜಾಗಕ್ಕೆ ಹಲಸು, ಹೊನ್ನೆ ಹಾಕಬೇಕು, ಗುಂಡಿ ತೆಗೆಸಿ ಆಗಿದೆ, ಆಳು ಸಿಗುತ್ತಿಲ್ಲ. ಇಬ್ಬರು ಮೂವರು ಸ್ನೇಹಿತರನ್ನೂ ಕರೆದುಕೊಂಡು ಬಾ. ಜಿಗಣೆ ಇದೆ ಅಂತ ಮೊದಲೇ ಹೇಳಿಬಿಡು, ಆಮೇಲೆ ನನ್ನ ಮೇಲೆ ಹಾಕಬೇಡ.

ನಿನ್ನ
ದೊಡ್ಡಮ್ಮ