ಸಹಿ ಹಾಕುವ ಮೊದಲು

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನರಸಾಪುರದಲ್ಲಿ ಫೋನ್ ಜೋಡಿಸೋ ಫ್ಯಾಕ್ಟರಿಗೆ ಸೇರ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ಹೊರದೇಶದ ಕಂಪನಿ ಅಂದ ಕೂಡಲೇ ಮೂಗು ಮುರಿಯುವವನಲ್ಲ ನಾನು. ನಿನ್ನಂಥ ಹೆಣ್ಣುಮಕ್ಕಳಿಗೆ ಕೋಲಾರದ ಮಗ್ಗುಲಲ್ಲೇ ಕೆಲಸ ಹುಟ್ಟಿದ್ದು ಇವರಿಂದಲೇ. ಆದರೆ ಆಫರ್ ಲೆಟರ್ ಯಾರ ಹೆಸರಲ್ಲಿದೆ ನೋಡು. ಫೋನ್ ಆಪಲ್‌ದು, ಕಾರ್ಖಾನೆ ಇನ್ನೊಬ್ಬರದು, ಸಂಬಳ ಕೊಡೋದು ಮ್ಯಾನ್‌ಪವರ್ ಏಜೆನ್ಸಿ. ಎಡವಟ್ಟಾಗೋದು ಇಲ್ಲೇ.

2020ರ ಡಿಸೆಂಬರ್ 12ರಂದು ಅಲ್ಲೇ ಆಪಲ್ ಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ ಗಲಾಟೆ ಆದದ್ದು ನಿನಗೆ ನೆನಪಿರಬಹುದು. ಒಪ್ಪಿದ ಸಂಬಳ ಬರಲಿಲ್ಲ, ಓವರ್‌ಟೈಮ್ ಲೆಕ್ಕಕ್ಕೆ ಸೇರಲಿಲ್ಲ ಅನ್ನೋದು ದೂರು. ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಬಂದವರು. ಆಪಲ್ ಹೊಸ ಆರ್ಡರ್ ತಡೆಹಿಡಿಯಿತು, ವಿಸ್ಟ್ರಾನ್ ಕ್ಷಮೆ ಕೇಳಿತು, 2023ರಲ್ಲಿ ಘಟಕ ಟಾಟಾದವರ ಕೈಸೇರಿತು. ನಿನಗೆ ಬೇಕಾದ ಪಾಠ ಇಷ್ಟೆ: ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನಾ ನೀನೇ ಬರೆದಿಡು. ಪಂಚಿಂಗ್ ಯಂತ್ರವನ್ನೇ ನಂಬಿ ಕೂರಬೇಡ. ಓವರ್‌ಟೈಮ್‌ಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು.

ಏಜೆಂಟ್ 'ಇಪ್ಪತ್ತು ಸಾವಿರ' ಅಂದರೆ ಅದು ಸಿಟಿಸಿ, ನಿನಗಾಗಿ ಮಾಲೀಕರು ಮಾಡುವ ಒಟ್ಟು ಖರ್ಚು; ಕೈಗೆ ಬರೋ ಸಂಬಳವಲ್ಲ. ಬಿಡಿಸಿ ನೋಡು. ಒಟ್ಟು ಸಂಬಳ 18,000, ಅದರಲ್ಲಿ ಬೇಸಿಕ್ 15,000 ಅಂತಿಟ್ಟುಕೋ. ಪಿಎಫ್ ಶೇ 12, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75, ಅಂದರೆ 135. ಕೈಗೆ 16,065. ಮಾಲೀಕರ ಪಾಲು ಪಿಎಫ್‌ಗೆ 1,800, ಇಎಸ್‌ಐಗೆ 585. ಇವನ್ನೂ ಸೇರಿಸಿಯೇ ಅವನು 20,385 ಅನ್ನೋದು. ಬಸ್ಸು, ಕ್ಯಾಂಟೀನು, ಹಾಸ್ಟೆಲ್ ಕಡಿತ ಬೇರೆ. ಎಷ್ಟು ಅಂತ ಬರವಣಿಗೆಯಲ್ಲಿ ಕೇಳು.

ಮಾಲೀಕರ 1,800ರಲ್ಲಿ 1,250 ಪಿಂಚಣಿಗೆ ಹೋಗುತ್ತದೆ, 550 ಮಾತ್ರ ನಿನ್ನ ಪಿಎಫ್ ಖಾತೆಗೆ. ಪಾಸ್‌ಬುಕ್ಕಲ್ಲಿ 550 ನೋಡಿ ಗಾಬರಿಯಾಗಬೇಡ. ತಿಂಗಳುಗಟ್ಟಲೆ ಏನೂ ಬೀಳದಿದ್ದರೆ ಮಾತ್ರ ಏಜೆನ್ಸಿ ಕಟ್ಟಿಲ್ಲ ಅಂತ ಅರ್ಥ. ಏಜೆನ್ಸಿ ಬದಲಾದರೂ ಅದೇ ಯುಎಎನ್ (ನಿನ್ನ ಪಿಎಫ್‌ನ ಕಾಯಂ ನಂಬರು) ಕೊಡು. ಹೊಸದು ಮಾಡಿಸಿದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ತುಂಡಾಗಿ, ಜೋಡಿಸಲು ಅಲೆದಾಟ. ಗುತ್ತಿಗೆದಾರ ಸಂಬಳ ಕೊಡದೆ ಕೈಕೊಟ್ಟರೆ ಕಾರ್ಖಾನೆಯವರೇ ಕೊಡಬೇಕು, ಕಾನೂನು ಹಾಗಿದೆ. ಆಗ ಅಲ್ಲಿ ದುಡಿದದ್ದಕ್ಕೆ ಸಾಕ್ಷಿ ಬೇಕಲ್ಲ? ಗೇಟ್ ಪಾಸ್, ಐಡಿ ಕಾರ್ಡ್, ಪೇಸ್ಲಿಪ್ ಎಲ್ಲದರ ಫೋಟೊ ಮನೆಗೂ ಕಳಿಸಿಡು.

ಇನ್ನೊಂದು. ಹೊಸ ಮಾಡೆಲ್ ಬರೋದು ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ; ಅದಕ್ಕೆ ಮುಂಚೆ ಜನರನ್ನು ತುಂಬಿಕೊಳ್ತಾರೆ, ಆರ್ಡರ್ ಇಳಿದರೆ ಮೊದಲು ಹೊರಗೆ ಹೋಗೋರು ಗುತ್ತಿಗೆಯವರು. ಸ್ಕ್ರೂ ಬಿಗಿಯೋ ಜಾಗದಲ್ಲೇ ಕೂರಬೇಡ. ಮೂರು ತಿಂಗಳಾದ ಮೇಲೆ ಟೆಸ್ಟಿಂಗ್ ಅಥವಾ ರೀವರ್ಕ್ (ದೋಷವಿರೋ ಫೋನ್ ಸರಿಮಾಡೋ) ಬೆಂಚಿಗೆ ಹಾಕಿ ಅಂತ ಲೈನ್ ಲೀಡರನ್ನು ಕೇಳು. ಮೈಕ್ರೋಸ್ಕೋಪಿನಡಿ ಬೆಸುಗೆ ಬಿಡಿಸಿ ಹಾಕಲು ಬಂದರೆ ತಮಿಳುನಾಡಿನ ಹೊಸೂರು, ಶ್ರೀಪೆರಂಬುದೂರಲ್ಲೂ ಕೆಲಸ ಹುಡುಕಬಹುದು. ಅನುಭವ ಪತ್ರದಲ್ಲಿ ಬರೀ 'ಆಪರೇಟರ್' ಅಂತಲ್ಲ, ಯಾವ ಬೆಂಚಿನ ಕೆಲಸ ಅಂತ ಬರೆಸಿಕೋ.

ಲೆಟರಿನ ಎಲ್ಲ ಹಾಳೆಗಳ ಫೋಟೊ ಭಾನುವಾರದೊಳಗೆ ಕಳಿಸು, ನೋಡಿ ಹೇಳ್ತೀನಿ.

ಇಂತಿ,
ದೊಡ್ಡಪ್ಪ